ಮಲತಾಯಿಯನ್ನು ಬಿಟ್ಟುಕೊಡದ ಟೀಚರ್

ಟೀಚರ್ ತೀರಿಕೊಂಡ ದಿನ ನಮ್ಮ ಅಟ್ಲಾಂಟಾದ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅವರ ಬಗ್ಗೆ ಬಂದ ಮಾತುಗಳನ್ನು ಓದಿ ನನಗೆ ಅಳು ಬರುವ ಬದಲು ಸಿಟ್ಟು ಬಂತು. ಮಮತೆಯ ಮೂರ್ತಿ ಅಂತ ಒಬ್ಬರು. ಹೂವಿನಂಥ ಸ್ವಭಾವ, ಎಂದೂ ಯಾರ ಮನಸ್ಸನ್ನೂ ನೋಯಿಸಿದವರಲ್ಲ ಅಂತ ಇನ್ನೊಬ್ಬರು. ನಮಗೆಲ್ಲ ತಾಯಿಯ ಹಾಗಿದ್ದರು ಅಂತ ಮತ್ತೊಬ್ಬರು, ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಅಲ್ಲಾ, ಇವರೆಲ್ಲ ಯಾರ ಬಗ್ಗೆ ಬರೀತಿದ್ದಾರೆ? ಆ ಹೂವಿನಂಥ ಸ್ವಭಾವ ಅಂತ ಬರೆದ ಮನುಷ್ಯನನ್ನೇ ಟೀಚರ್ ತುಂಬಿದ ಸಭೆಯಲ್ಲಿ “ನೀನು ಮೈಕ್ ಬಿಡು, ಅದಕ್ಕೂ ಸುಸ್ತಾಗಿದೆ” ಅಂತ ಕೂರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ನನ್ನನ್ನು ಕೇಳಿದೆಯಾ ಅಂತ ಗದರುತ್ತಿದ್ದರು. ಮಂಗಳೂರಿನ ಕಡೆಯ ಕ್ಯಾಥೊಲಿಕ್ ಮನೆತನದವರು, ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಮದುವೆಯ ಗೋಜಿಗೆ ಹೋಗದವರು. ತಮ್ಮನ ಮಗಳು ಲವೀನಾ ಅಟ್ಲಾಂಟಾದ ಪಕ್ಕದ ಅಲ್ಫರೆಟಾದಲ್ಲಿದ್ದಳು, ಅವಳ ಮನೆಗೆ ಬಂದು ಅಲ್ಲೇ ನೆಲೆಯಾದರು. ನಾವೆಲ್ಲ ಇಲ್ಲಿ ನಮಗಿಂತ ಹತ್ತು ವರ್ಷ ದೊಡ್ಡವರನ್ನು ಕಂಡರೆ ಸಾಕು, ಆಂಟಿ ಅಂದುಬಿಡುತ್ತೇವೆ. ಅವರನ್ನು ಹಾಗೆ ಕರೆದವರಿಗೆ ಉತ್ತರವೇ ಸಿಗುತ್ತಿರಲಿಲ್ಲ, ಕಿಟಕಿಯ ಹೊರಗೆ ನೋಡುತ್ತಾ ಕೂತುಬಿಡುತ್ತಿದ್ದರು. ಟೀಚರ್ ಅಂದರೆ ಮಾತ್ರ ತಿರುಗುತ್ತಿದ್ದರು.

ನಾನು ಅವರ ಡ್ರೈವರ್. ಭಾನುವಾರ ಲೈಬ್ರರಿಯ ಮೀಟಿಂಗ್ ರೂಮಿನಲ್ಲಿ ಮಕ್ಕಳಿಗೆ ಕನ್ನಡ ಕ್ಲಾಸು ನಡೆಯುತ್ತಿತ್ತು, ಅದರ ಕೊನೆಯಲ್ಲಿ ಟೀಚರ್ ಕಥೆ ಹೇಳುತ್ತಿದ್ದರು. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಲವೀನಾಗೆ ಭಾನುವಾರ ಚರ್ಚು. ನಿಮಗೆ ದಾರೀಲೇ ಅಲ್ವಾ ಅಂತ ಯಾರೋ ಕನ್ನಡ ಸಂಘದ ಕಮಿಟಿಯಲ್ಲಿ ಅಂದರು. ಜಿಎ-400 ಹೆದ್ದಾರಿಯ ಮೇಲೇ ಬದುಕುವ ನಮಗೆ ಎಲ್ಲವೂ ದಾರಿಯಲ್ಲೇ. ಹಾಗೆ ನನ್ನ ತಲೆಗೆ ಬಿತ್ತು. ಟೀಚರ್ ಮುಂದಿನ ಸೀಟಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತು, ಸೀಟ್ ಬೆಲ್ಟನ್ನು ಬೈದು, ನಾನು ಬ್ರೇಕ್ ಒತ್ತಿದಾಗಲೆಲ್ಲ ತಾವೂ ಕಾಲು ಒತ್ತಿ, ಇಳಿಯುವಾಗ ಥ್ಯಾಂಕ್ಸ್ ಅನ್ನದೆ ಇಳಿಯುತ್ತಿದ್ದರು. ಒಂದು ಸಲವೂ ಅನ್ನಲಿಲ್ಲ, ಪುಣ್ಯಾತ್ಗಿತ್ತಿ.

ಕೈಚೀಲದಲ್ಲಿ ಯಾವಾಗಲೂ ಲೈಬ್ರರಿಯ ದಪ್ಪಕ್ಷರದ ಕಾದಂಬರಿ ಇರುತ್ತಿತ್ತು. ಎಲ್ಲವೂ ಒಂದೇ ಜಾತಿಯವು. ಗುಡ್ಡದ ಮೇಲೆ ಹಳೇ ಬಂಗಲೆ, ಸುತ್ತ ಮಂಜು, ದಿಕ್ಕಿಲ್ಲದ ಹುಡುಗಿಯೊಬ್ಬಳು ಟ್ರಂಕು ಹಿಡಿದು ಬರುತ್ತಾಳೆ, ಮನೆಯ ಯಜಮಾನ ಮಾತಾಡುವುದಿಲ್ಲ. ರಟ್ಟಿನ ಮೇಲೆ ಬಿಳಿ ಗೌನಿನ ಹೆಣ್ಣು, ಕೈಯಲ್ಲಿ ಮೇಣದ ಬತ್ತಿ, ಬರಿಗಾಲು. “ಇಷ್ಟು ದೊಡ್ಡ ಬಂಗಲೆಯಲ್ಲಿ ಇವಳಿಗೆ ಒಂದು ಜೊತೆ ಚಪ್ಪಲಿ ಕೊಡುವವರು ಯಾರೂ ಇಲ್ಲವಾ ಮಾರಾಯ್ತಿ” ಅಂತ ಟೀಚರ್ ಪುಸ್ತಕವನ್ನು ಡ್ಯಾಶ್‌ಬೋರ್ಡಿನ ಮೇಲೆ ಕುಕ್ಕುತ್ತಿದ್ದರು. ಹೋಗಬೇಡ ಅಂದ ಕೋಣೆಗೇ ಯಾಕೆ ಹೋಗುತ್ತಾಳೆ, ಹೋದರೂ ಒಬ್ಬಳೇ ಯಾಕೆ ಹೋಗುತ್ತಾಳೆ, ಕೂಗಿದವಳು ಮೂರ್ಛೆ ಯಾಕೆ ಹೋಗುತ್ತಾಳೆ, ಎಲ್ಲದಕ್ಕೂ ನಾನೇ ಉತ್ತರ ಕೊಡಬೇಕು ಅನ್ನುವ ಹಾಗೆ ನನ್ನ ಕಡೆ ತಿರುಗುತ್ತಿದ್ದರು. ಅಷ್ಟು ಬೈದವರು ಮುಂದಿನ ವಾರ ಅಂಥವೇ ನಾಲ್ಕು ತರುತ್ತಿದ್ದರು. ಯಾಕೆ ಟೀಚರ್ ಓದ್ತೀರಿ ಅಂದರೆ, ಪೇಪರು ತಿದ್ದಿ ತಿದ್ದಿ ಚಟವಾಗಿದೆ, ತಪ್ಪು ಸಿಗದಿದ್ದರೆ ಊಟ ಸೇರುವುದಿಲ್ಲ ಅನ್ನುತ್ತಿದ್ದರು.

ಬಂಗಲೆಯ ಕಾದಂಬರಿಯಿರಲಿ, ರಾಜಕುಮಾರಿಯ ಕಥೆಯಿರಲಿ, ಅದರಲ್ಲಿ ಬರುವ ಹೆಂಗಸರ ಬಗ್ಗೆ ಅವರದ್ದು ಒಂದೇ ಲೆಕ್ಕಾಚಾರ. ಮಲಗಿದವಳು ಒಳ್ಳೆಯವಳು, ಓಡುವವಳು ಪಾಪದವಳು, ಎದ್ದು ಕೆಲಸ ಮಾಡುವವಳು ಮಾಟಗಾತಿ. ಬೇಕಾದರೆ ನೋಡು ಅನ್ನುತ್ತಿದ್ದರು, ಇಡೀ ಬಂಗಲೆಯಲ್ಲಿ ಬೆಳಿಗ್ಗೆ ಎದ್ದು ಒಲೆ ಹಚ್ಚಿಸಿ ಲೆಕ್ಕ ಬರೆದು ಬೀಗ ಹಾಕುವವಳು ಆ ಕೀಲಿಕೈ ಗೊಂಚಲಿನ ಹೆಂಗಸು ಒಬ್ಬಳೇ, ಕೊನೆಯ ಅಧ್ಯಾಯದಲ್ಲಿ ಸುಟ್ಟು ಸಾಯುವವಳೂ ಅವಳೇ. ಏಳು ಮಲ್ಲಿಗೆ ತೂಕದ ನಮ್ಮ ರಾಜಕುಮಾರಿಯನ್ನೂ ಬಿಡುತ್ತಿರಲಿಲ್ಲ. ತೂಕ ನೋಡಿದ್ದು ಯಾರು, ಅವಳಿಗೆ ಊಟ ಹಾಕಿದ್ದು ಯಾವಾಗ ಅಂತ ಕೇಳುತ್ತಿದ್ದರು. ಮನೆಮನೆಯ ಮುಂದೆ ದೆವ್ವ ನಿಲ್ಲಿಸುವ ಹ್ಯಾಲೋವೀನ್ ಹಬ್ಬದ ಸಮಯದಲ್ಲಿ ಒಂದು ಸಬ್‌ಡಿವಿಷನ್ನಿನ ಒಳಗೆ ಕಾರು ನಿಲ್ಲಿಸು ಅಂದರು. ಯಾರದೋ ಮನೆಯ ಹುಲ್ಲಿನ ಮೇಲೆ ಎರಡು ಬೊಂಬೆ, ಗಂಡು ದೆವ್ವಕ್ಕೆ ಕೋಟು ಟೈ, ಹೆಣ್ಣು ದೆವ್ವಕ್ಕೆ ಪೊರಕೆ. ಸತ್ತ ಮೇಲೂ ಕಸ ಗುಡಿಸುವುದು ತಪ್ಪಲಿಲ್ಲವಲ್ಲ ಅಂತ ಅವರು ಸಂಕಟಪಡುತ್ತಾ ಕೂತರು, ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಾ ಕೂತ.

ಇಷ್ಟೆಲ್ಲ ಹೇಳುವ ಈ ಹೆಂಗಸು ನಮ್ಮ ಮಕ್ಕಳಿಗೆ ಎಂಥ ಕಥೆ ಹೇಳುತ್ತಾರೆ ಅಂತ ನಾನು ವಿಚಾರಿಸಿರಲಿಲ್ಲ. ಬುದ್ಧಿವಂತೆ ರಾಜಕುಮಾರಿ, ಒಳ್ಳೆ ರಾಕ್ಷಸಿ, ಹೀಗೇನೋ ಇರಬೇಕು ಅಂದುಕೊಂಡಿದ್ದೆ. ಮೊದಲನೆಯ ಸಲ ಬಾಗಿಲ ಹತ್ತಿರ ನಿಂತು ಕೇಳಿದ ದಿನ ಕೈಯಲ್ಲಿದ್ದ ಜ್ಯೂಸ್ ಪ್ಯಾಕೆಟ್ಟಿನ ಡಬ್ಬ ಹಾಗೇ ಹಿಡಿದು ನಿಂತುಬಿಟ್ಟೆ. ಕಥೆ ಹೀಗಿತ್ತು. ಒಬ್ಬ ಮಲತಾಯಿ, ಗಂಡನ ಮಗಳ ಕೈಗೆ ಕರಿ ಕಂಬಳಿ ಕೊಟ್ಟು, ಹೊಳೆಗೆ ಹೋಗಿ ಇದು ಬೆಳ್ಳಗಾಗುವ ತನಕ ಒಗೆ, ಅಲ್ಲಿಯ ತನಕ ನಿನಗೆ ಅನ್ನ ಇಲ್ಲ ಅನ್ನುತ್ತಾಳೆ. ಹುಡುಗಿ ಒಗೆದು ಒಗೆದು ಸೋತು, ಕಂಬಳಿ ಒಣಹಾಕಿ ಅಳುತ್ತಾ ಕೂರುತ್ತಾಳೆ. ಹೊಳೆಯ ಕೊಕ್ಕರೆಗಳಿಗೆ ಕನಿಕರ ಬಂದು ಕಂಬಳಿಯ ಮೇಲೆ ಒತ್ತೊತ್ತಾಗಿ ಕೂರುತ್ತವೆ, ಕಂಬಳಿ ಬೆಳ್ಳಗೆ ಕಾಣುತ್ತದೆ. ಇದೇನಿದು ಅಂತ ಮಲತಾಯಿ ಅದರ ಮೇಲೇ ಹತ್ತಿ ನೋಡುತ್ತಾಳೆ. ಕೊಕ್ಕರೆಗಳು ಕಂಬಳಿಯನ್ನು ಕಾಲಲ್ಲಿ ಹಿಡಿದು ಒಟ್ಟಿಗೆ ಹಾರುತ್ತವೆ. ಕಂಬಳಿಯೂ ಹೋಯಿತು, ಮಲತಾಯಿಯೂ ಹೋದಳು, ಮೋಡದಾಚೆ.

ಟೀಚರ್ ಅದನ್ನು ಹೇಳಿದ್ದಲ್ಲ, ಆಡಿದ್ದು. ಗಂಟಲು ಒಡೆದ ದನಿ, ಕಣ್ಣು ಕಿರಿದು ಮಾಡಿ ನೋಡುವುದು, ಬೆರಳು ಆಡಿಸುವುದು. ಮಕ್ಕಳು ಕಿರುಚಿ ಬಿದ್ದು ಬಿದ್ದು ನಗುತ್ತಿದ್ದವು. ಅವರ ನಡುವೆ ನಮ್ಮ ಪುಟ್ಟಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಮಲತಾಯಿ ಮೋಡದಾಚೆ ಹೋದಾಗ ಚಪ್ಪಾಳೆ ತಟ್ಟಿ, “ಟೀಚರ್, again” ಅಂದಳು.

ಪುಟ್ಟಿ ನನ್ನ ಗಂಡನ ಮೊದಲನೆಯ ಹೆಂಡತಿಯ ಮಗಳು. ಕೋವಿಡ್‌ನ ಮೊದಲ ವರ್ಷ ಅವಳ ಅಮ್ಮ ಹೋದಾಗ ಅವಳಿಗೆ ನಾಲ್ಕು. ನಾನು ಆ ಮನೆಗೆ ಬಂದಾಗ ಆರು. ಅವಳಂಥ ಒಳ್ಳೆಯ ಮಗುವನ್ನು ನಾನು ನೋಡಿಲ್ಲ, ಅದೇ ನನ್ನ ಗೋಳು. ಕೊಟ್ಟಿದ್ದು ತಿನ್ನುತ್ತಿದ್ದಳು, ಮಲಗು ಅಂದರೆ ಮಲಗುತ್ತಿದ್ದಳು, ಎಲ್ಲದಕ್ಕೂ “ಥ್ಯಾಂಕ್ ಯೂ, ಆಂಟಿ.” ಜಗಳವಿಲ್ಲ, ಹಟವಿಲ್ಲ, ಅಳುವಿಲ್ಲ. ತಲೆ ಬಾಚಲು ಹೋದರೆ, “It's okay ಆಂಟಿ, ಡ್ಯಾಡಿ ಮಾಡ್ತಾರೆ” ಅಂತ ನಯವಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಡ್ಯಾಡಿ ಕಟ್ಟಿದ ಜುಟ್ಟು ಯಾವಾಗಲೂ ಒಂದು ಕಿವಿಯ ಕಡೆ ವಾಲಿರುತ್ತಿತ್ತು. ಟೈಮ್ ಕೊಡು ಅಂತ ಗಂಡ, ಟೈಮ್ ಕೊಡಿ ಅಂತ ಕೌನ್ಸೆಲರ್, ಟೈಮ್ ಕೊಡಮ್ಮ ಅಂತ ಮೈಸೂರಿನಿಂದ ನಮ್ಮಮ್ಮ. ಕೊಟ್ಟೂ ಕೊಟ್ಟೂ ನನಗೆ ಸಾಕಾಗಿತ್ತು. ಈ ಮಗು ನನ್ನನ್ನು ಹೋಟೆಲಿನವರ ಹಾಗೆ ಮರ್ಯಾದೆಯಿಂದ ನೋಡಿಕೊಂಡೇ ದೊಡ್ಡವಳಾಗಿ ಒಂದು ದಿನ ಕಾಲೇಜಿಗೆ ಹೊರಟುಹೋಗುತ್ತಾಳೆ ಅಂತ ನನಗೆ ಹೆದರಿಕೆಯಾಗಿಬಿಟ್ಟಿತ್ತು.

ಹಾಗಿರುವಾಗ ಅವಳು ಮೊಟ್ಟಮೊದಲು ಹೊಟ್ಟೆ ಹಿಡಿದು ನಕ್ಕಿದ್ದು ಮಲತಾಯಿ ತೊಲಗಿದ್ದಕ್ಕೆ. ಮುಂದಿನ ಭಾನುವಾರ ಅವಳನ್ನು ಗಂಡನ ಜೊತೆ ಕಳಿಸಿ, ಕಾರಿನಲ್ಲಿ ಟೀಚರನ್ನು ತರಾಟೆಗೆ ತೆಗೆದುಕೊಂಡೆ. ನನ್ನ ಮನೆಯ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಲತಾಯಿ ಅನ್ನೋ ಬದಲು ರಾಕ್ಷಸಿ ಅನ್ನಿ ಟೀಚರ್ ಅಂದೆ. ರಾಕ್ಷಸಿ ಪಾಪ ನಿನಗೆ ಎಂತ ಮಾಡಿದ್ದಾಳೆ ಅಂದರು. ನನಗೆ ಮೈಯೆಲ್ಲ ಉರಿಯಿತು. ಅವರದ್ದೇ ಮಾತುಗಳನ್ನು ಅವರ ಮೇಲೆ ಎಸೆದೆ. ಕೆಲಸ ಮಾಡುವವಳೇ ಮಾಟಗಾತಿ ಅಂತ ಬೈಯುವವರು ನೀವು, ಈಗ ನೀವೇ ಒಬ್ಬಳನ್ನು ಕೆಟ್ಟವಳು ಮಾಡಿ ಹಾರಿಸ್ತೀರಲ್ಲ, ಆ ಕಥೇಲಿ ಅವರಪ್ಪ ಎಲ್ಲಿ ಹೋಗಿದ್ದ, ಅವನು ಯಾಕೆ ಕಂಬಳಿ ಮೇಲೆ ಕೂರಲಿಲ್ಲ ಅಂತ ಕೇಳಿದೆ.

“ಅಪ್ಪ ಯಾವ ಕಥೆಯಲ್ಲಿದ್ದಾನೆ? ಅವನಿಗೆ ಮೀಟಿಂಗ್ ಉಂಟು,” ಅಂದರು.

ಇದೇ ಅವರ ಜೊತೆಗಿನ ತಾಪತ್ರಯ. ಹೇಳಿದ್ದನ್ನೆಲ್ಲ ಒಪ್ಪುತ್ತಿದ್ದರು. ಕಥೆ ಅನ್ಯಾಯದ್ದೇ ಅಂದರು. ಹೆಂಗಸರನ್ನು ಹೀಗೆ ಬರೆದವರಿಗೆ ಸೊನ್ನೆ ಕೊಡಬೇಕು ಅಂದರು. ಹಾಗಾದರೆ ಬದಲಾಯಿಸ್ತೀರಾ ಅಂದರೆ, ಇಲ್ಲ, ಬರುವ ವಾರವೂ ಅದನ್ನೇ ಹೇಳ್ತೇನೆ ಅಂದರು. ಒಂದು ಅಕ್ಷರ ತೆಗೆಯುವುದಿಲ್ಲವಂತೆ. ಗೋಡೆಗಾದರೂ ತಲೆ ಚಚ್ಚಿಕೊಳ್ಳಬಹುದು. ಅವರ ಮನೆ ಮುಂದೆ ಕಾರು ನಿಲ್ಲಿಸಿದಾಗ, ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟವರು ತಿರುಗಿ ಹೇಳಿದರು. “ಮಲತಾಯಿಯನ್ನು ಕಥೆಯಿಂದ ತೆಗೆದರೆ ಆ ಮಗುವಿನ ಸಿಟ್ಟು ಎಲ್ಲಿ ಕೂರಬೇಕು? ನಿನ್ನ ಡೈನಿಂಗ್ ಟೇಬಲ್ಲಿಗೆ ಬಂದು ಕೂರ್ತದೆ.” ನನಗೆ ತಲೆಬುಡ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಅವರ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ “ನಾಳೆ ಬಾ” ಅಂತ ಬರೆದಿತ್ತು. ಲವೀನಾಗೆ ಅದು ಇಷ್ಟವಿರಲಿಲ್ಲ, ಅಕ್ಕಪಕ್ಕದವರು ಏನೋ ಮಾಟ ಅಂದುಕೊಳ್ಳುತ್ತಾರೆ ಅಂತ ಒರೆಸುತ್ತಿದ್ದಳು, ಟೀಚರ್ ಮತ್ತೆ ಬರೆಯುತ್ತಿದ್ದರು. ಊರಲ್ಲಿ ಬಾಗಿಲು ತಟ್ಟುವ ಹೆಣ್ಣು ದೆವ್ವವನ್ನು ವಾಪಸು ಕಳಿಸಲು ಹಾಗೆ ಬರೆಯುತ್ತಿದ್ದದ್ದು ನನಗೂ ಗೊತ್ತು. ಲೋಕದ ಎಲ್ಲಾ ದೆವ್ವಗಳಲ್ಲಿ ಟೀಚರಿಗೆ ಇಷ್ಟವಾದದ್ದು ಅದೊಂದೇ. ಓದು ಬರಹ ಕಲಿತ ದೆವ್ವ ಅಂತ ಹೊಗಳುತ್ತಿದ್ದರು, ಬಂದು ಬೋರ್ಡು ಓದಿ, ಸರಿ ಅಂತ ತಿರುಗಿ ಹೋಗಿ, ಮರುದಿನ ಹೇಳಿದ ಮಾತಿನಂತೆ ಮತ್ತೆ ಬರುವಷ್ಟು ಸಭ್ಯಸ್ಥೆ, ಅಂಥವಳನ್ನು ಕೆಟ್ಟವಳು ಅನ್ನುತ್ತಾರೆ ಅಂತ. ಒಂದು ದಿನ ನಾನು ಸುಸ್ತಾಗಿ ಅವರ ಬಾಗಿಲಲ್ಲೇ ನಿಂತು, ನನ್ನ ಪಾಡೂ ಅದೇ ಟೀಚರ್ ಅಂದುಬಿಟ್ಟೆ. ದಿನಾ ಬೆಳಿಗ್ಗೆ ಬಾಚಣಿಗೆ ಹಿಡಿದು ಹೋಗ್ತೀನಿ, ಅವಳ ಮುಖದ ಮೇಲೆ ನಾಳೆ ಬಾ ಅಂತ ಬರೆದಿರುತ್ತೆ, ವಾಪಸು ಬರ್ತೀನಿ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಹಾಗಾದರೆ ಓದಬೇಡ,” ಅಂದು ಒಳಗೆ ಹೋದರು. ಸಮಾಧಾನ ಮಾಡುವುದೂ ಇಲ್ಲ, ಒಳಗೆ ಕರೆದು ಒಂದು ಲೋಟ ಕಾಫಿ ಕೊಡುವುದೂ ಇಲ್ಲ.

ಆ ವರ್ಷದ ಯುಗಾದಿ ಕಾರ್ಯಕ್ರಮಕ್ಕೆ ಕ್ಲಾಸಿನ ಮಕ್ಕಳಿಂದ ಕಂಬಳಿಯ ಕಥೆಯನ್ನೇ ನಾಟಕ ಮಾಡಿಸುವುದು ಅಂತಾಯಿತು. ಮಗಳ ಪಾತ್ರಕ್ಕೆ ಟೀಚರ್ ಪುಟ್ಟಿಯನ್ನೇ ಆರಿಸಿದರು. ಮಲತಾಯಿಯ ಪಾತ್ರಕ್ಕೆ ದೊಡ್ಡವರು ಬೇಕಿತ್ತು, ನಾ ಮುಂದು ತಾ ಮುಂದು ಅಂತ ಮೂವರು ಅಮ್ಮಂದಿರು ಕೈಯೆತ್ತಿದರು. ಅಷ್ಟರಲ್ಲಿ ಕಮಿಟಿಯ ಅಧ್ಯಕ್ಷ ರಾಜೀವನಿಗೆ ನನ್ನ ನೆನಪಾಗಿದೆ. ಜೂಮ್ ಮೀಟಿಂಗ್ ಕರೆದು, ಇದು ಸೆನ್ಸಿಟಿವ್ ವಿಷಯ, ನಮ್ಮಲ್ಲೂ ಅಂಥ ಫ್ಯಾಮಿಲಿಗಳಿದ್ದಾರೆ, ಯಾರಿಗೂ ಹರ್ಟ್ ಆಗಬಾರದು ಅಂತ ಒಂದು ಗಂಟೆ ಮಾತಾಡಿ, ಕೊನೆಗೆ ಸ್ಕ್ರಿಪ್ಟಿನಲ್ಲಿ ಮಲತಾಯಿ ಅಂತ ಇದ್ದ ಕಡೆಯೆಲ್ಲ ಆಂಟಿ ಅಂತ ಹಾಕಿಸಿದ. ಪರಿಷ್ಕೃತ ಸ್ಕ್ರಿಪ್ಟನ್ನು ನಾನು ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕೂತು ಓದಿದೆ. ದುಷ್ಟ ಆಂಟಿ ಬರುತ್ತಾಳೆ. ದುಷ್ಟ ಆಂಟಿ ಅನ್ನ ಕೊಡುವುದಿಲ್ಲ. ನಮ್ಮ ಮನೆಯಲ್ಲಿ ಆಂಟಿ ಅನ್ನಿಸಿಕೊಳ್ಳುವವಳು ನಾನೊಬ್ಬಳೇ. ಇಷ್ಟು ಒಳ್ಳೆ ಮನಸ್ಸಿನಿಂದ ಇಷ್ಟು ಕರಾರುವಾಕ್ಕಾಗಿ ಹೊಡೆಯಲು ನಮ್ಮವರಿಗೆ ಮಾತ್ರ ಸಾಧ್ಯ.

ಆಮೇಲೆ ಇನ್ನೊಂದು ತಮಾಷೆ. ಮಲತಾಯಿ ಆಗಲು ಹಾತೊರೆಯುತ್ತಿದ್ದ ಮೂವರೂ ದುಷ್ಟ ಆಂಟಿ ಆಗಲು ಒಪ್ಪಲಿಲ್ಲ. ಮಲತಾಯಿ ಅಂದರೆ ಯಾರೋ, ಆಂಟಿ ಅಂದರೆ ನಾವೇ ಅಲ್ಲವಾ. ಕಮಿಟಿಯ ಸೆಕ್ರೆಟರಿ ನಜ್ಮಾ, ಮೈಸೂರಿನವಳು, ನನ್ನ ಗೆಳತಿ, ಅವಳಿಗೂ ಹೇಳಿ ನೋಡಿದರು. ನನ್ನ ಮಗನ ಫ್ರೆಂಡ್ಸೆಲ್ಲ ನನ್ನ ಆಂಟಿ ಅಂತಾರೆ, ನಾಳೆಯಿಂದ ನಮ್ಮನೇಲಿ ಯಾರೂ ಊಟ ಮಾಡಲ್ಲ ಅಂತ ಅವಳೂ ಕೈಮುಗಿದಳು. ಹೆಂಗಸರ ಗುಂಪಿನಲ್ಲಿ ಎರಡು ದಿನ ಗದ್ದಲವೋ ಗದ್ದಲ. ಮುಂದಿನ ರಿಹರ್ಸಲ್ಲಿಗೆ ಟೀಚರ್ ಬಂದು, ಸ್ಕ್ರಿಪ್ಟನ್ನು ಮಡಚಿ ರಾಜೀವನ ಅಂಗಿಯ ಜೇಬಿಗೆ ತುರುಕಿದರು. “ಪಾತ್ರ ಮಲತಾಯಿಯದ್ದೇ,” ಅಂದರು. “ಮಾಡುವವಳು ಇವಳು.” ತೋರಿಸಿದ್ದು ನನ್ನನ್ನು.

ಎಲ್ಲರೂ ತಮ್ಮ ತಮ್ಮ ಶೂ ನೋಡಿಕೊಂಡರು. ನಾನು ಅಲ್ಲೇ ಆಗಲ್ಲ ಅನ್ನಬಹುದಿತ್ತು, ಆದರೆ ಪುಟ್ಟಿ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು, ಮೊದಲನೆಯ ಸಲ ಆ ಮುಖದಲ್ಲಿ ಮರ್ಯಾದೆ ಬಿಟ್ಟು ಬೇರೇನೋ ಕಾಣಿಸಿತು. ಹಲ್ಲು ಕಚ್ಚಿಕೊಂಡು ಒಪ್ಪಿದೆ. ಟೀಚರನ್ನು ಮನೆಗೆ ಬಿಡುವಾಗ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅವರಿಗೆ ಅದರ ಪರಿವೆಯೇ ಇರಲಿಲ್ಲ, ಬಂಗಲೆಯ ಹುಡುಗಿ ಈ ಸಲ ನೆಲಮಾಳಿಗೆಗೆ ಇಳಿಯುತ್ತಿದ್ದಾಳೆ ಅಂತ ಪೇಚಾಡುತ್ತಿದ್ದರು.

ರಿಹರ್ಸಲ್ಲುಗಳಲ್ಲಿ ನಾನು ಗದರಿದಾಗಲೆಲ್ಲ ಪುಟ್ಟಿ “ಸಾರಿ, ಆಂಟಿ” ಅನ್ನುತ್ತಿದ್ದಳು. ಸ್ಕ್ರಿಪ್ಟಿನಲ್ಲಿ ಅದಿಲ್ಲ ಅಂತ ಟೀಚರ್ ಬೈಯುತ್ತಿದ್ದರು. ಕಾರ್ಯಕ್ರಮದ ದಿನ ಬಾಡಿಗೆಗೆ ಹಿಡಿದ ಹೈಸ್ಕೂಲ್ ಆಡಿಟೋರಿಯಂ ತುಂಬಿತ್ತು. ನಾನು ನಜ್ಮಾಳ ಹಳೇ ಕರಿ ಸೀರೆ ಉಟ್ಟು, ಹುಬ್ಬು ದಪ್ಪ ಮಾಡಿಕೊಂಡು ಹೋಗಿ ಗಂಟಲು ಹರಿಯುವಷ್ಟು ಕೂಗಾಡಿದೆ. ಬಿಳಿ ದುಪಟ್ಟಾ ಹೊದ್ದ ಕೊಕ್ಕರೆಗಳು ಬಂದವು. ನಾನು ಕಂಬಳಿಯ ಮೇಲೆ ಹತ್ತಿ ಕೂತೆ. ಅಲ್ಲಿ ಪುಟ್ಟಿ, ಕಂಬಳಿ ಬೆಳ್ಳಗಾಯಿತು ನೋಡಿ ಅನ್ನಬೇಕು, ಕೊಕ್ಕರೆಗಳು ಎಳೆಯಬೇಕು, ನಾನು ಕೈ ಬಡಿಯುತ್ತಾ ಹಾರಿಕೊಂಡು ಹೊರಗೆ ಓಡಬೇಕು.

ಪುಟ್ಟಿ ಆ ಮಾತು ಹೇಳಲಿಲ್ಲ. ಮರೆತಳೇನೋ ಅಂತ ನಾನು ಮೆಲ್ಲಗೆ ಕಂಬಳಿ, ಕಂಬಳಿ ಅಂದೆ. ಅವಳ ಮೂಗು ಕೆಂಪಾಯಿತು.

“ಹೋಗು,” ಅಂದಳು. ಆಮೇಲೆ ಇಡೀ ಆಡಿಟೋರಿಯಂಗೆ ಕೇಳುವ ಹಾಗೆ, “ನೀನು ನನ್ನ ಅಮ್ಮ ಅಲ್ಲ. ನಿನ್ ಮನೆಗೆ ಹೋಗು. Go home.”

ಜನ ಚಪ್ಪಾಳೆ ತಟ್ಟಿದರು, ಎಂಥ ಆ್ಯಕ್ಟಿಂಗ್ ಅಂತ. ಅವಳು ನನ್ನನ್ನು ನೀನು ಅಂದದ್ದು ಅದೇ ಮೊದಲು. ಕೊಕ್ಕರೆಗಳು ಕಂಬಳಿ ಎಳೆಯಲು ಶುರು ಮಾಡಿದವು. ನಾನು ಏಳಲಿಲ್ಲ. ಏನಾಯಿತೋ ಗೊತ್ತಿಲ್ಲ, ಕಂಬಳಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತುಬಿಟ್ಟೆ.

“ಹೋಗಲ್ಲ,” ಅಂದೆ. “ನಾನು ಎಲ್ಲಿಗೂ ಹೋಗಲ್ಲ. ನನ್ನ ಮನೆ ಇದೇನೇ. ನಾಳೆನೂ ಇರ್ತೀನಿ, ನಾಡಿದ್ದೂ ಇರ್ತೀನಿ. ನೀನು ಎಷ್ಟು ಬೇಕಾದ್ರೂ ಕೂಗು.”

ಮಕ್ಕಳು ಎಳೆದವು, ನಾನು ಬಿಡಲಿಲ್ಲ, ಒಂದು ಕೊಕ್ಕರೆ ಬೋರಲು ಬಿತ್ತು, ಸಭೆ ಹೋ ಅಂತ ನಕ್ಕಿತು. ಪುಟ್ಟಿ ಮಾತ್ರ ನಗಲಿಲ್ಲ, ಕಣ್ಣು ಮಿಟುಕಿಸದೆ ನನ್ನನ್ನು ನೋಡುತ್ತಾ ನಿಂತಿದ್ದಳು. ನಜ್ಮಾ ಹೇಗೋ ಪರದೆ ಎಳೆದಳು.

ಗಂಡ ಪುಟ್ಟಿಯನ್ನು ಮನೆಗೆ ಕರೆದೊಯ್ದ, ನಾನು ಟೀಚರನ್ನು ಬಿಡಬೇಕಲ್ಲ. ಹುಬ್ಬಿನ ಕಾಡಿಗೆ ಕಣ್ಣೀರಿನಲ್ಲಿ ಕದಡಿ ನನ್ನ ಮುಖ ನಿಜವಾದ ಮಾಟಗಾತಿಯ ಹಾಗಾಗಿತ್ತು. ಒಂದು ಒಳ್ಳೆ ಮಾತು ಹೇಳುತ್ತಾರೆ ಅಂದುಕೊಂಡಿದ್ದೆ ನಾನು, ಹುಚ್ಚಿ. ಕಾರು ಹತ್ತಿದವರೇ, ಕಥೆ ಕೆಡಿಸಿದೆ ಅಂತ ಶುರು ಮಾಡಿದರು. ಅಷ್ಟು ಜನರ ಮುಂದೆ, ಅಷ್ಟು ಒಳ್ಳೆಯ ಕೊನೆಯನ್ನು. ಮಲತಾಯಿ ಹಾರದಿದ್ದರೆ ಅದೆಂತ ಕಥೆ, ಮಗುವಿಗೆ ನೆಮ್ಮದಿ ಎಲ್ಲಿಂದ ಅಂತ. ನನಗೂ ತಡೆಯಲಿಲ್ಲ, ನಿಮಗೇನು ಗೊತ್ತು ಟೀಚರ್, ಅವಳ ಅಮ್ಮ ಹಾಗೇ ಹೋದವಳು, ನಾನೂ ಹಾರಿ ಹೋಗಿ ತೋರಿಸಬೇಕಾ ಅಂತ ಕಿರುಚಿದೆ.

ಆಗ ಅವರು ಪರೀಕ್ಷೆಗೆ ಬರುವ ಪಾಠ ಹೇಳುವ ದನಿಯಲ್ಲಿ ಹೇಳಿದರು. ಅವರಿಗೆ ಐದು ವರ್ಷವಿದ್ದಾಗ ಅವರ ತಾಯಿ ತೀರಿಕೊಂಡರು. ಅಪ್ಪನ ಎರಡನೆಯ ಹೆಂಡತಿಯಾಗಿ ಚಿಕ್ಕಮ್ಮ ಬಂದರು. ಲವೀನಾಳ ಅಜ್ಜಿ ಅವರೇ. ಶಾಲೆಗೆ ಹೊರಡುವ ಮುಂಚೆ ಆ ಚಿಕ್ಕಮ್ಮ ಇವರನ್ನು ಮೆಟ್ಟಿಲ ಮೇಲೆ ಕೂರಿಸಿ ಜಡೆ ಹೆಣೆಯುತ್ತಾ ಈ ಕಂಬಳಿಯ ಕಥೆಯನ್ನೇ ಹೇಳುತ್ತಿದ್ದರು, ದಿನಾ. ಒಡಕು ದನಿ, ಕಿರಿದು ಮಾಡಿದ ಕಣ್ಣು, ಎಲ್ಲಾ ಅವರದ್ದೇ. ಮಲತಾಯಿಯನ್ನು ಬೈದಷ್ಟೂ ಅವರಿಗೆ ಉಮೇದು. ಇವರು ಹೋಗು ಹೋಗು ಅಂತ ಕೂಗುತ್ತಿದ್ದರು, ಕೊಕ್ಕರೆಗಳು ಎತ್ತಿಕೊಂಡು ಹೋಗುತ್ತಿದ್ದವು.

“ಹಾರಿ ಹೋಗಿ ಆದ ಮೇಲೆ ರಿಬ್ಬನ್ ಕಟ್ಟುತ್ತಿದ್ದರು,” ಅಂದರು ಟೀಚರ್. “ಕಥೆಯಲ್ಲಿ ಹಾರಿ ಹೋಗ್ಲಿಕ್ಕೆ ಉಂಟು ಮಾರಾಯ್ತಿ. ಹೋಗಿ ಬಂದು ಜಡೆ ಹೆಣೀಲಿಕ್ಕೆ ಉಂಟು. ಎರಡೂ ನಿನ್ನದೇ ಕೆಲಸ.”

ನೀವು ಅವರನ್ನು ಕೊನೆಗಾದರೂ ಅಮ್ಮ ಅಂದ್ರಾ ಅಂತ ಕೇಳಿದೆ. ಇಲ್ಲ, ಸಾಯುವ ತನಕ ಚಿಕ್ಕಮ್ಮನೇ, ಆ ಶಬ್ದಕ್ಕೆ ಎಂತ ಕಡಿಮೆಯಾಗಿದೆ ಅಂದರು. ಇಳಿಯುವಾಗ ಥ್ಯಾಂಕ್ಸ್ ಅನ್ನಲಿಲ್ಲ, ಮುಖ ತೊಳ್ಕೊ ಅಂದರು.

ಎರಡು ದಿನ ಪುಟ್ಟಿ ಮಾತಾಡಲಿಲ್ಲ. ಮೂರನೆಯ ಬೆಳಿಗ್ಗೆ ನನಗೆ ಉಪ್ಪಿಟ್ಟು ಬೇಡ, I hate it, ಯಾವಾಗಲೂ hate it ಅಂತ ತಟ್ಟೆ ತಳ್ಳಿ, ಬಾಗಿಲು ಧಡಾರನೆ ಹಾಕಿಕೊಂಡಳು. ಎರಡು ವರ್ಷ ಥ್ಯಾಂಕ್ ಯೂ ಹೇಳಿಕೊಂಡು ತಿಂದಿದ್ದ ಉಪ್ಪಿಟ್ಟು. ನನಗಾದ ಸಂತೋಷ ಹೇಳತೀರದು. ಟೀಚರಿಗೆ ಫೋನ್ ಮಾಡಿ, ಬಾಗಿಲು ಬಡಿದಳು ಟೀಚರ್, ನನ್ನ ಮೇಲೆ ರೇಗಿದಳು ಅಂದೆ. ಹಾಗಾದರೆ ನನಗೆ ಎಂತಕ್ಕೆ ಫೋನು, ಹೋಗಿ ಬೈಯಿ ಅಂತ ಇಟ್ಟುಬಿಟ್ಟರು. ಹೋಗಿ ಬೈದೆ. ಅವಳೂ ಬೈದಳು. ಆ ವಾರವೆಲ್ಲ ಮನೆ ರಣರಂಗವಾಗಿತ್ತು, ಗಂಡ ಪಾಪ ಟೈಮ್ ಕೊಡು ಅನ್ನಲೂ ಹೆದರುತ್ತಿದ್ದ. ಅದರ ಮುಂದಿನ ವಾರ ಸ್ಕೂಲ್ ಬಸ್ಸಿಗೆ ಹೊತ್ತಾಗುತ್ತಿದ್ದಾಗ ಅವಳು ಬಾಚಣಿಗೆ ಹಿಡಿದು ಬಂದು ನನ್ನ ಮುಂದೆ ಬೆನ್ನು ಮಾಡಿ ಕೂತಳು. ಕಂಬಳಿ story ಹೇಳು, and this time you have to fly ಅಂದಳು. ಅವತ್ತಿನಿಂದ ನಾನು ಬೆಳಗಾದರೆ ಹಾರಿ ಹೋಗುತ್ತಿದ್ದೆ.

ಆಮೇಲೆ ಲವೀನಾಗೆ ಕೆಲಸ ಬದಲಾಗಿ ವರ್ಜೀನಿಯಾದ ಆಲ್ಡಿಗೆ ಮನೆ ಬದಲಾಯಿಸಿದಳು, ಟೀಚರೂ ಹೋದರು. ಫೋನಿನಲ್ಲಿ, ಇಲ್ಲಿ ಎಲ್ಲಾ ಹೊಸಾ ಮನೆ, ಒಂದಕ್ಕೂ ದೆವ್ವ ಬರುವ ಯೋಗ್ಯತೆ ಇಲ್ಲ ಅಂತ ದೂರುತ್ತಿದ್ದರು. ಪುಟ್ಟಿಗೆ ಹತ್ತು ತುಂಬಿದ ಚಳಿಗಾಲದಲ್ಲಿ ಅವರು ತೀರಿಹೋದರು. ನಾವು ಮೂವರೂ ಕಾರಿನಲ್ಲೇ ಹೊರಟೆವು. ದಾರಿಯಲ್ಲಿ ಸಿಗುವ ಎರಡು ಕ್ಯಾರೊಲಿನಾ ರಾಜ್ಯಗಳೂ ಮುಗಿಯುವ ಲಕ್ಷಣ ಕಾಣಲಿಲ್ಲ. ಗಂಡ ಬ್ರೇಕ್ ಒತ್ತಿದಾಗಲೆಲ್ಲ ನಾನೂ ಕಾಲು ಒತ್ತುತ್ತಿದ್ದೆ.

ಅಲ್ಲಿ ನೋಡಿದರೆ ಟೀಚರನ್ನು ಶವಪೆಟ್ಟಿಗೆಯಲ್ಲಿ ಬಿಳಿ ಸ್ಯಾಟಿನ್ ಮೇಲೆ, ಕೈ ಜೋಡಿಸಿ, ತುಟಿಗೆ ಗುಲಾಬಿ ಲಿಪ್‌ಸ್ಟಿಕ್ ಹಚ್ಚಿ ಮಲಗಿಸಿದ್ದರು. ಜೀವಮಾನದಲ್ಲಿ ಪೌಡರ್ ಮುಟ್ಟಿದವರಲ್ಲ. ಸುತ್ತ ನಿಂತವರು ಎಷ್ಟು ಶಾಂತವಾಗಿದ್ದಾರೆ, ದೇವತೆ ಹಾಗೆ ಅಂತ ಮೆಲ್ಲಗೆ ಅನ್ನುತ್ತಿದ್ದರು. ಮಲಗಿದವಳು ಒಳ್ಳೆಯವಳು. ಕೊನೆಗೂ ಅವರನ್ನೂ ಮಲಗಿಸಿ ಒಳ್ಳೆಯವರನ್ನಾಗಿ ಮಾಡಿಬಿಟ್ಟರಲ್ಲ ಅಂತ ನನಗೆ ಆಗ ಅಳು ಬಂತು, ಬಂದದ್ದು ನಿಲ್ಲಲಿಲ್ಲ.

ಎಲ್ಲ ಮುಗಿಸಿ ಲವೀನಾಳ ಮನೆಯಲ್ಲಿ ಊಟಕ್ಕೆ ಸೇರಿದೆವು. ಅಟ್ಲಾಂಟಾದಿಂದ ರಾಜೀವ, ನಜ್ಮಾ ಎಲ್ಲ ಬಂದಿದ್ದರು. ಆ ಊರಿನ ಹೆಂಗಸೊಬ್ಬರು, ನಮ್ಮ ವಿಷಯ ತಿಳಿಯದವರು, ತಟ್ಟೆ ಹಿಡಿದು ಬಂದು ಪುಟ್ಟಿಯ ಗಲ್ಲ ಮುಟ್ಟಿ, ಇವರು ನಿಮ್ಮಮ್ಮನಾ ಪುಟ್ಟಾ, ಎಷ್ಟು ಅಳ್ತಿದ್ದಾರೆ ಅಂದರು. ರಾಜೀವ ಅವಸರವಾಗಿ, ಆಂಟಿ ಅವರು ಅಂತ ಏನೋ ಶುರು ಮಾಡಿದ.

“ಅಲ್ಲ. ನನ್ನ ಅಮ್ಮ died,” ಅಂದಳು ಪುಟ್ಟಿ. “ಇವರು ನನ್ನ ಮಲತಾಯಿ.”

ಆ ಹೆಂಗಸಿನ ಮುಖ ಬಿಳಿಚಿಕೊಂಡಿತು. ಛೆ ಛೆ, ಹಾಗೆಲ್ಲ ಅನ್ನಬಾರದು ಪುಟ್ಟಾ, ಅದು ಕೆಟ್ಟ ಮಾತು ಅಂದರು.

ಪುಟ್ಟಿ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು, ಥೇಟ್ ಟೀಚರ್ ನೋಡುತ್ತಿದ್ದ ಹಾಗೆ. “ಯಾಕೆ?” ಅಂದಳು. “ತುಂಬಾ ಚೆನ್ನಾಗಿ ಮಾಡ್ತಾರೆ.” ಆಮೇಲೆ ನನ್ನ ತಟ್ಟೆಯಿಂದ ಹಪ್ಪಳ ತೆಗೆದುಕೊಂಡು ಹೋದಳು, ಥ್ಯಾಂಕ್ಸ್ ಅನ್ನಲಿಲ್ಲ.